ಯೂನಿವರ್ಸಿಟಿ ಟೀಮ್, ಬ್ಲೂ, ಸೌತ್ ಝೋನ್: ಬೆಂಗಳೂರಿನ ಡಿಗ್ರಿ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿಯ ಮೂರೂ ವರ್ಷ ನಾನು ಖೋ ಖೋ ಆಡಿದೆ. ಅದರಲ್ಲಿ ಒಂದು ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಟೀಮಿನಲ್ಲೂ ಇದ್ದೆ. ಈಗ ಭಾನುವಾರ ಬೆಳಗ್ಗೆ ನಮ್ಮ ಏರಿಯಾದ ಗ್ರೌಂಡಿನಲ್ಲಿ ಹುಡುಗಿಯರಿಗೆ ಆಟ ಹೇಳಿಕೊಡುತ್ತೇನೆ. ಕಾಲೇಜು ಶುರುವಾಗಿ ಒಂದು ತಿಂಗಳು ಕಳೆಯಿತು ಅಂದರೆ ಸಾಕು, ಫೋನಿಗೆ ಒಂದೇ ಥರದ ಮೆಸೇಜುಗಳು. 'ಅಕ್ಕಾ, ಸೆಲೆಕ್ಷನ್ ಹೇಗೆ?' 'ಅಕ್ಕಾ, ಬ್ಲೂ ಅಂದ್ರೆ ಏನು?' ಪ್ರತಿ ಸಲ ಟೈಪ್ ಮಾಡಿ ಬೆರಳು ಸವೆಯಿತು. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದು ಯಾವ ಆಫೀಸಿನ ಸುತ್ತೋಲೆಯೂ ಅಲ್ಲ, ಆಡಿದವಳ ಮಾತು ಅಷ್ಟೇ.

ಯೂನಿವರ್ಸಿಟಿ ಟೀಮ್ ಅಂದರೆ ಯಾರು? ಕ್ಯಾಂಪಸ್ಸಿನಲ್ಲಿ ಓದುವವರು ಮಾತ್ರವಾ?

ಅಲ್ಲ. ತುಂಬಾ ಜನ ಇಲ್ಲೇ ತಪ್ಪು ತಿಳಿಯುತ್ತಾರೆ. ಇಂಗ್ಲಿಷ್ ಸಿನಿಮಾ ನೋಡಿ ನೋಡಿ, ಒಂದು ದೊಡ್ಡ ಕ್ಯಾಂಪಸ್, ಅದಕ್ಕೊಂದು ಸ್ಟೇಡಿಯಂ, ಅಲ್ಲೇ ಹಾಸ್ಟೆಲಿನಲ್ಲಿರುವ ಟೀಮು ಅಂದುಕೊಂಡಿರುತ್ತಾರೆ. ನಮ್ಮ ಸರ್ಕಾರಿ ಯೂನಿವರ್ಸಿಟಿಗಳ ಲೆಕ್ಕವೇ ಬೇರೆ. ಒಂದು ಯೂನಿವರ್ಸಿಟಿ, ಅದರ ಕೆಳಗೆ ನೂರಾರು ಕಾಲೇಜು. ನಮ್ಮ ಯೂನಿವರ್ಸಿಟಿಯ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಎಂ.ಎ., ಎಂ.ಎಸ್ಸಿ. ಓದುವವರೂ ಟೀಮಿಗೆ ಬರಬಹುದು, ಆದರೆ ಟೀಮಿನ ಮುಕ್ಕಾಲು ಪಾಲು ತುಂಬುವುದು ಡಿಗ್ರಿ ಕಾಲೇಜುಗಳ ಮಕ್ಕಳೇ. ಒಬ್ಬಳು ವಿಜಯನಗರದವಳು, ಇನ್ನೊಬ್ಬಳು ಆನೇಕಲ್‌ನವಳು, ಮತ್ತೊಬ್ಬಳು ಮಾಗಡಿಯಿಂದ ಬೆಳಗ್ಗೆ ಆರರ ಬಸ್ಸಿಗೆ ಹೊರಟು ಬಂದವಳು.

ಹೋದ ವಾರ ಎದುರಾಳಿ, ಈ ವಾರ ಒಂದೇ ಟೀಮು. ಕಾಲೇಜು ಫೈನಲ್‌ನಲ್ಲಿ ನನ್ನನ್ನು ಎರಡು ಸಲ ಔಟ್ ಮಾಡಿದವಳ ಪಕ್ಕದಲ್ಲೇ ಕ್ಯಾಂಪಿನ ಮೊದಲ ರಾತ್ರಿ ನನ್ನ ಚಾಪೆ ಬಿದ್ದಿತ್ತು. ಇಬ್ಬರೂ ಗೋಡೆ ಕಡೆ, ಕಿಟಕಿ ಕಡೆ ಮುಖ ಮಾಡಿ ಮಲಗಿದೆವು. ಮೂರನೇ ದಿನ ಅವಳ ಮನೆಯಿಂದ ಬಂದ ಚಟ್ನಿಪುಡಿ ನನ್ನ ತಟ್ಟೆಯಲ್ಲಿತ್ತು.

ನಮ್ಮ ಕಾಲೇಜು ಯಾವ ಯೂನಿವರ್ಸಿಟಿಗೆ ಸೇರಿದ್ದು ಅಂತಲೇ ಗೊತ್ತಾಗುತ್ತಿಲ್ಲ. ಹೇಗೆ ತಿಳಿಯುವುದು?

ನಗಬೇಡಿ, ಬೆಂಗಳೂರಿನಲ್ಲಿ ಇದು ನಿಜವಾದ ಪ್ರಶ್ನೆ. 1964ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಬೆಳೆಯುತ್ತಾ ಬೆಳೆಯುತ್ತಾ ಅದರ ಕೆಳಗೆ 600ಕ್ಕೂ ಹೆಚ್ಚು ಕಾಲೇಜುಗಳಾದವು. ಆಮೇಲೆ 2017ರಲ್ಲಿ ಅದನ್ನು ಮೂರು ಭಾಗ ಮಾಡಿದರು. ಜ್ಞಾನಭಾರತಿಯಲ್ಲಿ ಹಳೇ ಬೆಂಗಳೂರು ವಿಶ್ವವಿದ್ಯಾಲಯ ಉಳಿಯಿತು. ಸೆಂಟ್ರಲ್ ಕಾಲೇಜಿನಲ್ಲಿ ಒಂದು ಹೊಸದು ಶುರುವಾಯಿತು, ಅದನ್ನು ಮೊದಲು ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ ಅಂತಿದ್ದರು, ಆಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯ ಅಂದರು. ಮೂರನೆಯದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಅದರ ಆಫೀಸು ಇರುವುದು ಕೋಲಾರದ ಟಮಕದಲ್ಲಿ. ಹೆಸರಲ್ಲಿ ಬೆಂಗಳೂರು, ಹೋಗಬೇಕಾದ್ದು ಕೋಲಾರಕ್ಕೆ!

ಇದರ ಜೊತೆಗೆ ಇಂಜಿನಿಯರಿಂಗ್‌ನವರಿಗೆ 1998ರಿಂದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು ಇದೆ. ಮೆಡಿಕಲ್, ನರ್ಸಿಂಗ್‌ನವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಜಿಕೆವಿಕೆಯವರದ್ದು ಕೃಷಿ ವಿಶ್ವವಿದ್ಯಾಲಯ. ಇವೆಲ್ಲ ಬೇರೆ ಬೇರೆ ಟೀಮುಗಳು. ಜೈನ್, ಕ್ರೈಸ್ಟ್ ಥರದ್ದು ತಾವೇ ಯೂನಿವರ್ಸಿಟಿಗಳು. ಸೇಂಟ್ ಜೋಸೆಫ್ಸ್ ಕಾಲೇಜು ಕೂಡ 2022ರಲ್ಲಿ ಯೂನಿವರ್ಸಿಟಿ ಆಯಿತು. ನಿಮ್ಮ ಕಾಲೇಜು ಸ್ವಾಯತ್ತ ಕಾಲೇಜಾದರೆ ಗಾಬರಿ ಬೇಡ. ಪರೀಕ್ಷೆ ಅವರೇ ನಡೆಸಿಕೊಂಡರೂ ಡಿಗ್ರಿ ಯಾವ ಯೂನಿವರ್ಸಿಟಿ ಹೆಸರಲ್ಲಿ ಬರುತ್ತದೋ ಅದರ ಟೀಮಿಗೇ ಆಡುತ್ತೀರಿ. ಸುಮ್ನೆ ನಿಮ್ಮ ಮಾರ್ಕ್ಸ್ ಕಾರ್ಡ್ ತಲೆಮೇಲೆ ಏನು ಬರೆದಿದೆ ನೋಡಿಕೊಳ್ಳಿ.

ಮೂರು ಭಾಗ ಆದದ್ದರಿಂದ ಆಟಕ್ಕೆ ಒಳ್ಳೆಯದಾಯಿತಾ ಅಂದರೆ, ಆಯಿತು, ಆಗಲೂ ಇಲ್ಲ. ಮೊದಲು ಒಂದೇ ಟೀಮಿಗೆ ಕಿತ್ತಾಡುತ್ತಿದ್ದವರಿಗೆ ಈಗ ಮೂರು ಟೀಮು. ಅವಕಾಶ ಜಾಸ್ತಿ. ಆದರೆ ಕೋಲಾರದ ಓಟಗಾರ್ತಿ, ರಾಮನಗರದ ಚೇಸರ್, ಮಲ್ಲೇಶ್ವರದ ಆಲ್‌ರೌಂಡರ್ ಒಂದೇ ಟೀಮಿನಲ್ಲಿ ಇರುತ್ತಿದ್ದ ಕಾಲ ಹೋಯಿತು. ಅಷ್ಟು ಗಟ್ಟಿ ಟೀಮು ಕಟ್ಟುವುದು ಈಗ ಕಷ್ಟ ಅನ್ನುವುದು ನನ್ನ ಅನಿಸಿಕೆ.

ಸೆಲೆಕ್ಷನ್ ಹೇಗೆ ನಡೆಯುತ್ತದೆ?

ಮೊದಲು ಕಾಲೇಜು ಟೀಮು. ಅದು ಪಿ.ಡಿ. ಸರ್ ಅಥವಾ ಪಿ.ಡಿ. ಮೇಡಂ, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಕೈಯಲ್ಲಿ. ಆಮೇಲೆ ಅಂತರ ಕಾಲೇಜು ಪಂದ್ಯಾವಳಿ, ನಾವೆಲ್ಲ 'ಇಂಟರ್ ಕಾಲೇಜಿಯೇಟ್' ಅನ್ನುವುದು. ಒಂದೊಂದು ಆಟವನ್ನು ಒಂದೊಂದು ಕಾಲೇಜು ನಡೆಸುತ್ತದೆ. ಅಲ್ಲಿ ಆಟ ನೋಡುತ್ತಾ ಸೆಲೆಕ್ಷನ್ ಕಮಿಟಿಯವರು ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಕೈಯಲ್ಲಿ ಪಟ್ಟಿ. ಹೆಸರು ಬರೆದುಕೊಂಡವರನ್ನು ಟ್ರಯಲ್ಸ್‌ಗೆ ಕರೆಯುತ್ತಾರೆ. ಅಲ್ಲಿ ಉಳಿದವರಿಗೆ ಕೋಚಿಂಗ್ ಕ್ಯಾಂಪ್. ಕ್ಯಾಂಪಿನ ಕೊನೆಗೆ ಅಂತಿಮ ಪಟ್ಟಿ.

ಒಂದು ಗುಟ್ಟು ಹೇಳುತ್ತೇನೆ. ನಿಮ್ಮ ಕಾಲೇಜು ಮೊದಲ ಸುತ್ತಿನಲ್ಲೇ ಸೋತರೂ ನಿಮಗೆ ಸೆಲೆಕ್ಷನ್ ಸಿಗಬಹುದು. ಅದಕ್ಕೇ ಸೋಲುತ್ತಿರುವ ಪಂದ್ಯದಲ್ಲಿ ಕೈಚೆಲ್ಲಬೇಡಿ. ನನ್ನ ಮೊದಲ ವರ್ಷ ನಮ್ಮ ಕಾಲೇಜು ಹೀನಾಯವಾಗಿ ಸೋತಿತು. ಆದರೂ ಕೊನೆಯ ಬ್ಯಾಚಿನಲ್ಲಿ ಓಡಿದ ನಮ್ಮ ಸೀನಿಯರ್ ಅಕ್ಕ ಒಬ್ಬರು ಸಮಯ ಮುಗಿಯುವ ತನಕ ಸಿಗಲೇ ಇಲ್ಲ. ಮಾರನೇ ವಾರ ಅವರಿಗೆ ಮಾತ್ರ ಕಾಗದ ಬಂತು.

ಇನ್ನೊಂದು ಮಾತು. ನಿಮ್ಮ ಕಾಲೇಜು ಟೀಮನ್ನೇ ಕಳಿಸದಿದ್ದರೆ ನೀವು ಎಷ್ಟೇ ಚೆನ್ನಾಗಿ ಆಡಿದರೂ ಯಾರಿಗೂ ಕಾಣುವುದಿಲ್ಲ. ಕೆಲವು ಕಾಲೇಜುಗಳಲ್ಲಿ ಪಿ.ಡಿ. ಹುದ್ದೆಯೇ ಖಾಲಿ ಬಿದ್ದಿರುತ್ತದೆ. ಹಾಗಿದ್ದರೆ ಯಾವುದಾದರೂ ಲೆಕ್ಚರರ್ ಕೈಕಾಲು ಹಿಡಿದಾದರೂ ಎಂಟ್ರಿ ಕಳಿಸಿ. ಕಾಲೇಜು ಆಯ್ಕೆ ಮಾಡುವಾಗ ಜನ ಕ್ಯಾಂಟೀನ್ ನೋಡುತ್ತಾರೆ, ಪ್ಲೇಸ್‌ಮೆಂಟ್ ನೋಡುತ್ತಾರೆ. ಆಡುವ ಮಕ್ಕಳು ಮೊದಲು ನೋಡಬೇಕಾದ್ದು ಪಿ.ಡಿ. ರೂಮಿಗೆ ಬೀಗ ಬಿದ್ದಿದೆಯಾ ಇಲ್ಲವಾ ಅಂತ.

ಬ್ಲೂ ಅಂದರೆ ಏನು? ಎಲ್ಲರೂ ಯಾಕೆ ಅದನ್ನು ಅಷ್ಟು ಹೆಮ್ಮೆಯಿಂದ ಹೇಳುತ್ತಾರೆ?

ಯೂನಿವರ್ಸಿಟಿ ಟೀಮಿಗೆ ಆಡಿದವರನ್ನು 'ಯೂನಿವರ್ಸಿಟಿ ಬ್ಲೂ' ಅನ್ನುತ್ತಾರೆ. ಇದರ ಬೇರು ಇಂಗ್ಲೆಂಡಿನಲ್ಲಿದೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ನಡುವೆ 1829ರಲ್ಲಿ ದೋಣಿ ರೇಸ್ ಶುರುವಾಯಿತು. 1836ರ ಎರಡನೇ ರೇಸಿನಲ್ಲಿ ಕೇಂಬ್ರಿಡ್ಜಿನವರು ದೋಣಿಗೆ ತಿಳಿನೀಲಿ ರಿಬ್ಬನ್ ಕಟ್ಟಿದ್ದರು. ಆಕ್ಸ್‌ಫರ್ಡಿನವರದ್ದು ಕಡುನೀಲಿ. ಹೀಗೆ ಯೂನಿವರ್ಸಿಟಿಗೆ ಆಡಿದವರಿಗೆ ಬ್ಲೂ ಅನ್ನುವ ಹೆಸರು ಅಂಟಿಕೊಂಡಿತು. ಆ ಹೆಸರು ಹಡಗು ಹತ್ತಿ ನಮ್ಮ ಕಡೆಗೂ ಬಂತು. ದೋಣಿಯೇ ಕಾಣದ ಊರಿನಲ್ಲಿ ಕಬಡ್ಡಿ ಆಡುವವನೂ ಈಗ ಬ್ಲೂ.

ಟೀಮಿನವರಿಗೆ ಕೆಲವು ಯೂನಿವರ್ಸಿಟಿಗಳಲ್ಲಿ ಬ್ಲೇಜರ್ ಕೊಡುತ್ತಾರೆ, ಕೆಲವು ಕಡೆ ಟ್ರ್ಯಾಕ್ ಸೂಟ್. ನನಗೆ ಸಿಕ್ಕಿದ್ದು ಟ್ರ್ಯಾಕ್ ಸೂಟ್. ಬೆನ್ನಿನ ಮೇಲೆ ಬಿಳಿ ಅಕ್ಷರದಲ್ಲಿ ಯೂನಿವರ್ಸಿಟಿ ಹೆಸರು. ಸೈಜು ಎರಡು ನಂಬರ್ ದೊಡ್ಡದು, ತೋಳು ಮಡಚಿಕೊಂಡೇ ಹಾಕಬೇಕು. ಆದರೂ ಮನೆಗೆ ಬಂದ ದಿನ ಬೇಕೆಂದೇ ಎರಡು ಸ್ಟಾಪ್ ಮೊದಲೇ ಬಸ್ ಇಳಿದು, ಅದನ್ನು ಹಾಕಿಕೊಂಡು ಮಾರ್ಕೆಟ್ ಬೀದಿಯಲ್ಲಿ ನಡೆದುಕೊಂಡು ಬಂದೆ. ತರಕಾರಿ ಅಂಗಡಿ ಆಂಟಿ ಬಿಟ್ಟರೆ ಯಾರೂ ಏನೂ ಕೇಳಲಿಲ್ಲ. ಅವರು ಕೇಳಿದ್ದು 'ಏನಮ್ಮಾ, ಪೊಲೀಸ್ ಕೆಲಸ ಸಿಕ್ತಾ?' ಅಂತ.

ಯಾವ ಯಾವ ಆಟಗಳಿವೆ?

ಪಟ್ಟಿ ದೊಡ್ಡದಿದೆ. ಕಬಡ್ಡಿ, ಖೋ ಖೋ, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್, ಹಾಕಿ, ಫುಟ್‌ಬಾಲ್, ಕ್ರಿಕೆಟ್, ಹ್ಯಾಂಡ್‌ಬಾಲ್, ನೆಟ್‌ಬಾಲ್, ಟೇಬಲ್ ಟೆನ್ನಿಸ್, ಶಟಲ್, ಚೆಸ್, ಈಜು, ಕುಸ್ತಿ, ವೇಟ್‌ಲಿಫ್ಟಿಂಗ್, ಜೂಡೋ, ಯೋಗ, ಗುಡ್ಡಗಾಡು ಓಟ, ಅಥ್ಲೆಟಿಕ್ಸ್. ಹೊಸಬರಿಗೆ ಗೊತ್ತಿಲ್ಲದ ಒಂದು ಆಟ ಬಾಲ್ ಬ್ಯಾಡ್ಮಿಂಟನ್. ಹಳದಿ ಉಲ್ಲನ್ ಚೆಂಡು, ಒಂದು ಕಡೆಗೆ ಐದು ಜನ. ಶಟಲ್ ಥರ ತೇಲುವುದಿಲ್ಲ, ಬುಲೆಟ್ ಥರ ಬರುತ್ತದೆ. ತಂಜಾವೂರಿನ ಅರಮನೆಯಲ್ಲಿ ಹುಟ್ಟಿದ ಆಟ ಅನ್ನುತ್ತಾರೆ. ಕರ್ನಾಟಕದವರು ಇದರಲ್ಲಿ ಗಟ್ಟಿ. ಒಂದು ಸಲ ನೋಡಿ, ಆಮೇಲೆ ಹೇಳಿ.

ಹಾಕಿ ಟೀಮಿನ ಪಟ್ಟಿ ನೋಡಿದರೆ ಅರ್ಧ ಕೊಡಗಿನ ಮನೆತನದ ಹೆಸರುಗಳೇ ಕಾಣುತ್ತವೆ. ಯಾಕೆ ಅಂತ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ನೀವು ಸದಾ ಖೋ ಖೋ ಬಗ್ಗೆಯೇ ಮಾತಾಡುತ್ತೀರಿ. ಅದರಲ್ಲಿ ಏನಿದೆ ಅಂಥದ್ದು?

ಕೇಳಿದಿರಲ್ಲ, ಈಗ ಅನುಭವಿಸಿ.

ಆಫೀಸಿನಲ್ಲಿ ಯಾರಾದರೂ ತನ್ನ ಕೆಲಸ ಇನ್ನೊಬ್ಬರ ತಲೆಗೆ ಕಟ್ಟಿ ಜಾರಿಕೊಂಡರೆ 'ಖೋ ಕೊಟ್ಟ' ಅನ್ನುತ್ತೇವೆ. ಆಟದಲ್ಲಿ ಮಾತ್ರ ಅದು ಜಾರಿಕೊಳ್ಳುವ ಕೆಲಸ ಅಲ್ಲ. ಎಂಟು ಜನ ಚೇಸರ್‌ಗಳು ಅಂಕಣದ ನಡುಗೆರೆಯಲ್ಲಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವರು ಅಟ್ಟಿಸಿಕೊಂಡು ಓಡುತ್ತಾರೆ. ಅವರು ನಡುಗೆರೆ ದಾಟುವಂತಿಲ್ಲ, ಒಮ್ಮೆ ಹಿಡಿದ ದಿಕ್ಕು ಅಂಕಣದ ತುದಿಯ ಕಂಬದ ತನಕ ಬದಲಾಯಿಸುವಂತಿಲ್ಲ. ತಪ್ಪಿಸಿಕೊಂಡು ಓಡುವವರಿಗೆ ಮಾತ್ರ ಆ ಕಟ್ಟು ಇಲ್ಲ, ಅಂಕಣದೊಳಗೆ ಎಲ್ಲಿ ಬೇಕಾದರೂ ನುಸುಳಬಹುದು. ಅವರು ಮೂರು ಮೂರು ಜನರ ಬ್ಯಾಚಿನಲ್ಲಿ ಒಳಗೆ ಬರುತ್ತಾರೆ. ಒಂದು ಸರದಿ 9 ನಿಮಿಷ.

ಒಂಬತ್ತು ನಿಮಿಷ ಅಷ್ಟೇನಾ ಅನ್ನಬೇಡಿ. ಮೂರನೇ ನಿಮಿಷಕ್ಕೆ ಎದೆ ಬಾಯಿಗೆ ಬಂದಿರುತ್ತದೆ. ಕೂತಿರುವವಳಿಗೆ ಹಿಂದೆ ಏನಾಗುತ್ತಿದೆ ಅಂತ ಪೂರ್ತಿ ಕಾಣುವುದಿಲ್ಲ. ಕಿವಿಯಲ್ಲೇ ಆಟ ಆಡಬೇಕು. ಹೆಜ್ಜೆ ಸದ್ದು ಹತ್ತಿರ ಬರುತ್ತದೆ, ಬೆನ್ನಿಗೆ ಅಂಗೈ ಬೀಳುತ್ತದೆ, 'ಖೋ!' ಆ ಸದ್ದು ಕಿವಿಗೆ ಬೀಳುವಷ್ಟರಲ್ಲಿ ಎದ್ದು ಎರಡು ಹೆಜ್ಜೆ ಹಾಕಿರಬೇಕು. ಸದ್ದಿಗೆ ಮೊದಲೇ ಎದ್ದರೆ ಫೌಲ್. ಚೆನ್ನಾಗಿ ಓಡುವವರು ಸಿಂಗಲ್ ಚೈನ್ ಹಾಕುತ್ತಾರೆ, ಅಂದರೆ ಕೂತವರ ನಡುವೆ ಒಬ್ಬೊಬ್ಬರನ್ನೇ ಸುತ್ತಿ ಹಾವಿನ ಹಾಗೆ ಹೋಗುತ್ತಾರೆ. ಅದನ್ನು ಮುರಿಯಬೇಕಾದರೆ ಕಂಬದ ಹತ್ತಿರ ಕೂತವಳಿಗೆ ಪೋಲ್ ಡೈವ್ ಬರಬೇಕು. ಒಂದು ಕೈ ಕಂಬಕ್ಕೆ, ಇಡೀ ಮೈ ಗಾಳಿಗೆ, ಇನ್ನೊಂದು ಕೈಯ ಬೆರಳ ತುದಿ ಓಡುವವಳ ಹಿಮ್ಮಡಿಗೆ.

ನಮ್ಮ ಕ್ಯಾಂಪು ಮಣ್ಣಿನ ಅಂಕಣದಲ್ಲಿ. ಬೆಳಗ್ಗೆ ಐದೂವರೆಗೆ ಎದ್ದು, ಮೊದಲು ನಾವೇ ಕಲ್ಲು ಆರಿಸಬೇಕು. ಆಮೇಲೆ ನೀರು ಚಿಮುಕಿಸಿ, ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಹಾಕಬೇಕು. ಡೈವ್ ಪ್ರಾಕ್ಟೀಸ್ ಆದ ಮೇಲೆ ಮಂಡಿ ಎರಡೂ ಕೆಂಪು. ಸಂಜೆ ಅರಿಶಿನ, ಕೊಬ್ಬರಿ ಎಣ್ಣೆ. ರಾತ್ರಿ ಹೊದಿಕೆ ಮಂಡಿಗೆ ಅಂಟಿಕೊಂಡು, ಬೆಳಗ್ಗೆ ಕೀಳುವಾಗ ಎಲ್ಲರೂ ಒಟ್ಟಿಗೆ 'ಅಮ್ಮಾ' ಅನ್ನುತ್ತಿದ್ದೆವು. ಈಗ ದೊಡ್ಡ ಪಂದ್ಯಗಳೆಲ್ಲ ಮ್ಯಾಟ್ ಮೇಲೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಹೆಂಗಸರು, ಗಂಡಸರು ಎರಡರಲ್ಲೂ ಭಾರತವೇ ನೇಪಾಳವನ್ನು ಸೋಲಿಸಿ ಗೆದ್ದಿತು. ಆ ಟೀಮುಗಳಲ್ಲಿ ನಮ್ಮ ಕರ್ನಾಟಕದ ಚೈತ್ರಾ ಬಿ. ಮತ್ತು ಗೌತಮ್ ಎಂ.ಕೆ. ಇದ್ದರು. ಅವತ್ತು ಹಳೇ ಟೀಮಿನವರೆಲ್ಲ ಫೋನ್ ಮಾಡಿಕೊಂಡು ಅತ್ತೆವು. ಸುಮ್ನೆ ಅತ್ತೆವು, ಕಾರಣ ಕೇಳಬೇಡಿ.

ಕ್ರಿಕೆಟ್‌ನಲ್ಲಿ ದೊಡ್ಡವರು ಯಾರಾದರೂ ಈ ದಾರಿಯಲ್ಲಿ ಬಂದವರಿದ್ದಾರಾ?

ಅನಿಲ್ ಕುಂಬ್ಳೆ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗಲೇ, 1990ರಲ್ಲಿ ಭಾರತಕ್ಕೆ ಆಡಿದರು. ಆಗ ವಿಟಿಯು ಇರಲಿಲ್ಲ, ಆ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗೇ ಇತ್ತು. ರಾಹುಲ್ ದ್ರಾವಿಡ್ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವರು. ಕ್ರಿಕೆಟ್ ಅಲ್ಲದಿದ್ದರೂ ಬಿಲಿಯರ್ಡ್ಸ್‌ನ ಪಂಕಜ್ ಅಡ್ವಾಣಿ ಕೂಡ ಬೆಂಗಳೂರಿನಲ್ಲೇ ಕಾಮರ್ಸ್ ಓದಿದವರು.

ಯೂನಿವರ್ಸಿಟಿ ಕ್ರಿಕೆಟ್‌ಗೆ ಒಂದು ಹಳೇ ಮರ್ಯಾದೆ ಇದೆ. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್‌ನ ರೋಹಿಂಟನ್ ಬಾರಿಯಾ ಟ್ರೋಫಿ ಶುರುವಾದದ್ದು 1935ರಲ್ಲಿ, ರಣಜಿ ಟ್ರೋಫಿ ಶುರುವಾದ ಮಾರನೇ ವರ್ಷವೇ. ಒಂದು ಕಾಲದಲ್ಲಿ ಅಲ್ಲಿ ಸೆಂಚುರಿ ಹೊಡೆದರೆ ಪೇಪರಿನವರು ಹೆಸರು ಹಾಕುತ್ತಿದ್ದರು. ಈಗ ಐಪಿಎಲ್, ಕ್ಲಬ್ ಕ್ರಿಕೆಟ್ ಬಂದ ಮೇಲೆ ಯೂನಿವರ್ಸಿಟಿ ಕ್ರಿಕೆಟ್‌ನ ಬೆಲೆ ಇಳಿದಿದೆ. ಒಳ್ಳೇ ಹುಡುಗರು ಕ್ಲಬ್ಬಿನ ಲೀಗ್ ಪಂದ್ಯ ಬಿಟ್ಟು ಬರುವುದಿಲ್ಲ. ಬೇರೆ ಆಟಗಳಿಗೆ ಮಾತ್ರ ಯೂನಿವರ್ಸಿಟಿಯೇ ಈಗಲೂ ದೊಡ್ಡ ಮೆಟ್ಟಿಲು.

ಪಂದ್ಯ, ಪ್ರಾಕ್ಟೀಸ್ ಎಲ್ಲಿ ನಡೆಯುತ್ತದೆ? ಹೊರಗಿನವರು ನೋಡಬಹುದಾ?

ಧಾರಾಳವಾಗಿ. ಟಿಕೆಟ್ ಅನ್ನುವ ಮಾತೇ ಇಲ್ಲ. ನೋಡಲು ಯಾರಾದರೂ ಬಂದರೆ ಆಡುವವರಿಗೆ ಆಶ್ಚರ್ಯವೇ ಆಗುತ್ತದೆ.

ಜ್ಞಾನಭಾರತಿ ಒಂದು ಕಾಡಿನ ಥರ ಇದೆ. ಸಾವಿರಕ್ಕೂ ಹೆಚ್ಚು ಎಕರೆ. ಬೆಳಗ್ಗೆ ಹೊತ್ತು ನಾಗರಭಾವಿ ಕಡೆಯಿಂದ ವಾಕಿಂಗ್ ಬರುವವರು, ಓಡುವವರು, ನವಿಲು, ನಾಯಿ ಎಲ್ಲ ಸಿಗುತ್ತವೆ. ಬಿ.ಪಿ.ಎಡ್., ಎಂ.ಪಿ.ಎಡ್. ಓದಿಸುವ ದೈಹಿಕ ಶಿಕ್ಷಣ ಕಾಲೇಜೂ ಯೂನಿವರ್ಸಿಟಿಯದ್ದೇ ಇದೆ, ನಾಳಿನ ಪಿ.ಡಿ.ಗಳು ತಯಾರಾಗುವುದು ಅಲ್ಲಿ. ಪಕ್ಕದಲ್ಲೇ ಮೈಸೂರು ರಸ್ತೆ ಕಡೆ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಇದೆ, ಎಲ್ಲರೂ 'ಸಾಯ್' ಅನ್ನುತ್ತಾರೆ. ಭಾರತದ ಹಾಕಿ ಟೀಮುಗಳು ಕ್ಯಾಂಪ್ ಮಾಡುವುದು ಅಲ್ಲಿಯೇ. ನಾವು ಕಲ್ಲು ಆರಿಸುತ್ತಿದ್ದ ಮಣ್ಣಿನ ಅಂಕಣಕ್ಕೂ ಒಲಿಂಪಿಕ್ಸ್‌ಗೆ ಹೋಗುವವರ ಟರ್ಫಿಗೂ ನಡುವೆ ಒಂದು ಕಾಂಪೌಂಡು, ಅಷ್ಟೇ.

ಸೆಂಟ್ರಲ್ ಕಾಲೇಜು ಗ್ರೌಂಡಿನ ಕತೆ ಬೇರೆ. ಚಿನ್ನಸ್ವಾಮಿ ಸ್ಟೇಡಿಯಂ ಬರುವ ಮೊದಲು ರಣಜಿ ಪಂದ್ಯಗಳು ನಡೆಯುತ್ತಿದ್ದದ್ದು ಅಲ್ಲಿ. ಈಗ ಟ್ರಾಫಿಕ್ ಮಧ್ಯೆ ಇರುವ ಆ ಹಸಿರು ತುಂಡು ನೋಡಿದರೆ ಯಾರೂ ನಂಬುವುದಿಲ್ಲ. ಎರಡು ಕ್ಯಾಂಪಸ್ಸೂ ನೇರಳೆ ಮಾರ್ಗದ ಮೆಟ್ರೋದಲ್ಲೇ ಸಿಗುತ್ತವೆ. ಒಂದಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್, ಇನ್ನೊಂದಕ್ಕೆ ಜ್ಞಾನಭಾರತಿ ಸ್ಟೇಷನ್. ಅಥ್ಲೆಟಿಕ್ಸ್ ಕೂಟಕ್ಕೆ ಸಾಮಾನ್ಯವಾಗಿ ಸಿಂಥೆಟಿಕ್ ಟ್ರ್ಯಾಕ್ ಬೇಕಾಗುತ್ತದೆ, ಆಗ ಕಂಠೀರವಕ್ಕೆ ಹೋಗುತ್ತಾರೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅಂತ ಸಜ್ಜಾದ ಸ್ಟೇಡಿಯಂ ಅದು.

ಸೌತ್ ಝೋನ್ ಅಂದರೇನು? ಅಲ್ಲಿ ಗೆದ್ದರೆ ಏನಾಗುತ್ತದೆ?

ದೇಶದ ಎಲ್ಲ ಯೂನಿವರ್ಸಿಟಿಗಳ ಆಟ ನೋಡಿಕೊಳ್ಳುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಚಿಕ್ಕದಾಗಿ ಎಐಯು. ಅದು 1925ರಲ್ಲಿ ಶುರುವಾದ ಸಂಸ್ಥೆ. ಟೀಮಿನ ಆಟಗಳಿಗೆ ದೇಶವನ್ನು ನಾಲ್ಕು ವಲಯ ಮಾಡುತ್ತಾರೆ. ನಾವು ದಕ್ಷಿಣ ವಲಯ: ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿ. ಮೊದಲು ನಾಕೌಟ್, ಕೊನೆಗೆ ಉಳಿದ ನಾಲ್ಕು ಟೀಮುಗಳಿಗೆ ಲೀಗ್. ಸಾಮಾನ್ಯವಾಗಿ ಆ ನಾಲ್ಕೂ ಟೀಮುಗಳು ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ಅಂದರೆ ಕಪ್ಪಿಗಿಂತ ಮೊದಲ ನಾಲ್ಕರಲ್ಲಿ ಬರುವುದೇ ದೊಡ್ಡ ಜಗಳ. ಕ್ವಾರ್ಟರ್ ಫೈನಲ್‌ನಲ್ಲಿ ಕಣ್ಣೀರು ಜಾಸ್ತಿ, ಫೈನಲ್‌ನಲ್ಲಿ ಕಡಿಮೆ. ಅಥ್ಲೆಟಿಕ್ಸ್ ಥರದ ಆಟಗಳಿಗೆ ನೇರವಾಗಿ ಅಖಿಲ ಭಾರತ ಕೂಟವೇ.

ನಾವು ಕೇರಳಕ್ಕೆ ಹೋಗಿದ್ದು ಐಲ್ಯಾಂಡ್ ಎಕ್ಸ್‌ಪ್ರೆಸ್‌ನಲ್ಲಿ. ಹನ್ನೆರಡು ಹುಡುಗಿಯರು, ಒಬ್ಬರು ಮ್ಯಾನೇಜರ್ ಮೇಡಂ, ಒಬ್ಬರು ಕೋಚ್. ಕನ್‌ಫರ್ಮ್ ಆದ ಬರ್ತು ಎಂಟು. ಪಾಳಿ ಪ್ರಕಾರ ಮಲಗಿದೆವು. ಹನ್ನೆರಡು ಮನೆಯ ಪುಳಿಯೋಗರೆ ಒಂದೇ ಪೇಪರ್ ಮೇಲೆ ಸುರಿದು ಯಾರ ಮನೆಯದ್ದು ಚೆನ್ನಾಗಿದೆ ಅಂತ ಮತ ಹಾಕಿದ್ದು ಈಗಲೂ ನೆನಪಿದೆ. ಗೆದ್ದದ್ದು ದೊಡ್ಡಬಳ್ಳಾಪುರ. ಪಂದ್ಯದಲ್ಲಿ ಎರಡನೇ ಸುತ್ತು ದಾಟಿ, ಮೂರನೆಯದರಲ್ಲಿ ಒಂದೇ ಪಾಯಿಂಟಿಗೆ ಸೋತೆವು. ವಾಪಸ್ ಬರುವಾಗ ಬೋಗಿಯಲ್ಲಿ ಸೇಲಂ ತನಕ ಯಾರೂ ಮಾತಾಡಲಿಲ್ಲ.

ಮಾಕಾ ಟ್ರೋಫಿ ನಮಗೆ ಯಾಕೆ ಬರುವುದಿಲ್ಲ?

ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956-57ರಲ್ಲಿ ಶುರುವಾಯಿತು. ವರ್ಷವಿಡೀ ಎಲ್ಲ ಆಟಗಳಲ್ಲಿ ಸೇರಿಸಿ ಯಾವ ಯೂನಿವರ್ಸಿಟಿ ಮುಂದಿದೆಯೋ ಅದಕ್ಕೆ ಕೊಡುತ್ತಾರೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ ಅದನ್ನು 20ಕ್ಕೂ ಹೆಚ್ಚು ಸಲ ಗೆದ್ದಿದೆ. ಪಂಜಾಬಿನವರು ಗಂಟು ಕಟ್ಟಿ ಮನೆಗೆ ಒಯ್ದುಬಿಟ್ಟಿದ್ದಾರೆ.

ಅಲ್ಲಿ ಆಡುವವರಿಗೆ ಹಾಸ್ಟೆಲ್, ಊಟ, ವರ್ಷವಿಡೀ ಕೋಚ್ ಕೊಡುವ ಪದ್ಧತಿ ಹಳೆಯದು. ನಮ್ಮಲ್ಲಿ ಟೀಮು ಕೂಡುವುದೇ ಕ್ಯಾಂಪಿನ ಕೆಲವು ದಿನ. ಉಳಿದ ದಿನ ಎಲ್ಲರೂ ಅವರವರ ಕಾಲೇಜು, ಅವರವರ ಬಸ್ಸು. ಇನ್ನೊಂದು, ಬೆಂಗಳೂರಿನಲ್ಲಿ ಒಳ್ಳೇ ಆಟಗಾರರಿಗೆ ಫೀಸು ಬಿಟ್ಟು, ಕಿಟ್ ಕೊಟ್ಟು ಕರೆದುಕೊಳ್ಳುವ ಖಾಸಗಿ ಯೂನಿವರ್ಸಿಟಿಗಳಿವೆ. ಬಡ ಮನೆಯ ಹುಡುಗಿಗೆ ಮೂರು ವರ್ಷದ ಫೀಸು ಉಳಿದರೆ ಅವಳು ಹೋಗುತ್ತಾಳೆ, ಹೋಗಲೇಬೇಕು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ.

ಕರ್ನಾಟಕದಿಂದ ಓಟ, ಜಿಗಿತ, ಎಸೆತದಲ್ಲಿ ದೇಶಕ್ಕೇ ಸವಾಲು ಹಾಕಿದ ಸರ್ಕಾರಿ ಯೂನಿವರ್ಸಿಟಿ ಅಂದರೆ ಮಂಗಳೂರು. ಮೂಡುಬಿದಿರೆಯಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಕೂಟ ನಡೆದಾಗ ಅವರೇ ಚಾಂಪಿಯನ್. ಅಲ್ಲೂ ಗುಟ್ಟು ಹಾಸ್ಟೆಲ್ಲೇ: ಮಕ್ಕಳು ಒಂದೇ ಕಡೆ ಇದ್ದು, ಒಟ್ಟಿಗೆ ಉಂಡು, ಒಟ್ಟಿಗೆ ಓಡುತ್ತಾರೆ.

2022ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಕೂಟ ಆಯಿತಲ್ಲ, ಅದು ಇದೇನಾ?

ಅದು ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್. ಮೊದಲನೆಯದು 2020ರಲ್ಲಿ ಭುವನೇಶ್ವರದಲ್ಲಿ, ಎರಡನೆಯದು 2022ರ ಏಪ್ರಿಲ್ 24ರಿಂದ ಮೇ 3ರ ತನಕ ನಮ್ಮಲ್ಲಿ. ಜೈನ್ ಯೂನಿವರ್ಸಿಟಿ ಆತಿಥ್ಯ ವಹಿಸಿತ್ತು, 20 ಚಿನ್ನ ಗೆದ್ದು ಅವರೇ ಮೊದಲ ಸ್ಥಾನಕ್ಕೂ ಬಂದರು. ಟೋಕಿಯೋ ಒಲಿಂಪಿಕ್ಸ್‌ಗೆ ಹೋಗಿ ಬಂದಿದ್ದ ಈಜುಗಾರ ಶ್ರೀಹರಿ ನಟರಾಜ್ ಅವರ ಟೀಮಿನಲ್ಲಿದ್ದರು. ಮಲ್ಲಕಂಬ, ಯೋಗಾಸನ ಕೂಡ ಆಟದ ಪಟ್ಟಿಯಲ್ಲಿದ್ದವು. ಇದಕ್ಕೆ ಯಾರು ಬೇಕಾದರೂ ಹೋಗಲು ಆಗುವುದಿಲ್ಲ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯದಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಮಾತ್ರ. ಅಲ್ಲಿಂದಲೂ ಮೇಲೆ ವಿಶ್ವ ಯೂನಿವರ್ಸಿಟಿ ಗೇಮ್ಸ್ ಇದೆ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಭಾರತದ ವಿದ್ಯಾರ್ಥಿಗಳು 11 ಚಿನ್ನ ಸೇರಿ 26 ಪದಕ ತಂದರು.

ಯಾವ ಕಾಗದಗಳು ಬೇಕು? ವಯಸ್ಸಿನ ಮಿತಿ ಏನು?

17ರಿಂದ 25 ವರ್ಷ. ರೆಗ್ಯುಲರ್ ಆಗಿ ಓದುತ್ತಿರಬೇಕು. ಒಂದೇ ವರ್ಷದಲ್ಲಿ ಎರಡು ಯೂನಿವರ್ಸಿಟಿಗೆ ಆಡುವಂತಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಈ ವರ್ಷದ ಫೀಸ್ ರಸೀದಿ, ಕಾಲೇಜು ಐಡಿ, ಆಧಾರ್, ಒಂದಷ್ಟು ಪಾಸ್‌ಪೋರ್ಟ್ ಸೈಜ್ ಫೋಟೋ. ಎಲಿಜಿಬಿಲಿಟಿ ಫಾರ್ಮಿಗೆ ಪ್ರಿನ್ಸಿಪಾಲರ ಸಹಿ, ಸೀಲು. ಎಲ್ಲದರದ್ದೂ ಮೂರು ಮೂರು ಜೆರಾಕ್ಸ್ ಇಟ್ಟುಕೊಳ್ಳಿ. ಒರಿಜಿನಲ್ ಮರೆತು ಬೇರೆ ಊರಿಗೆ ಹೋದ ಹುಡುಗಿಯೊಬ್ಬಳು ಟೂರ್ನಿ ಪೂರ್ತಿ ನೀರಿನ ಬಾಟಲಿ ಹಿಡಿದುಕೊಂಡು ಹೊರಗೆ ನಿಂತಿದ್ದನ್ನು ನೋಡಿದ್ದೇನೆ.

ಆಡಲು ಹೋದರೆ ಅಟೆಂಡೆನ್ಸ್ ಕೊಡುತ್ತಾರಾ?

ಕೊಡಬೇಕು. ಯೂನಿವರ್ಸಿಟಿ ಪರವಾಗಿ ಹೋದ ದಿನಗಳನ್ನು ಹಾಜರಿ ಅಂತಲೇ ಲೆಕ್ಕ ಹಾಕುವ ಪದ್ಧತಿ ಇದೆ. ಆದರೆ ಅದು ತಾನಾಗಿಯೇ ಆಗುವುದಿಲ್ಲ. ನನ್ನ ಕತೆ ಕೇಳಿ. ಕ್ಯಾಂಪು, ಪಂದ್ಯ ಎಲ್ಲ ಮುಗಿಸಿ ಬಂದು ಕಾಗದ ಕಾಲೇಜು ಆಫೀಸಿಗೆ ಕೊಟ್ಟೆ. ಅದು ಯಾರದೋ ಟೇಬಲ್ ಮೇಲೆ ಫೈಲುಗಳ ಕೆಳಗೆ ಮಲಗಿತು. ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿಯಲ್ಲಿ ನನ್ನ ಹೆಸರು! ಹಾಲ್ ಟಿಕೆಟ್ ಕೊಡಲ್ಲ ಅಂದರು. 'ನೀನು ಆಟ ಆಡಲು ಹೋಗಿದ್ದೆ, ಕಾಲೇಜು ಏನು ಮಾಡಬೇಕು?' ಅಂದವರು ಅದೇ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದ್ದರು. ಕೊನೆಗೆ ನಮ್ಮ ಪಿ.ಡಿ. ಸರ್ ಖುದ್ದಾಗಿ ಕೂತು, ಫೈಲು ಫೈಲು ಬಿಚ್ಚಿ ಹುಡುಕಿಸಿ ಕಾಗದ ತೆಗೆಸಿದರು. ಪರೀಕ್ಷೆಗೆ ಎರಡು ದಿನ ಉಳಿದಿತ್ತು.

ಅದಕ್ಕೇ ಹೇಳುವುದು: ಕಾಗದ ಕೊಟ್ಟರೆ ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಫೋನಿನಲ್ಲಿ ಫೋಟೋ ತೆಗೆದಿಡಿ.

ಖರ್ಚು ಯಾರು ಕೊಡುತ್ತಾರೆ?

ಪ್ರಯಾಣದ ಖರ್ಚು, ದಿನದ ಭತ್ಯೆ ಯೂನಿವರ್ಸಿಟಿಯದ್ದು. ದೊಡ್ಡ ಮೊತ್ತ ಏನಲ್ಲ. ಒಳ್ಳೇ ಶೂ ನೀವೇ ಕೊಳ್ಳಬೇಕು.

ಮನೆಯಲ್ಲಿ ಹುಡುಗಿಯರನ್ನು ಬೇರೆ ಊರಿಗೆ ಕಳಿಸುವುದಿಲ್ಲ. ಏನು ಮಾಡಲಿ?

ಇದು ವಾರಕ್ಕೊಮ್ಮೆ ಬರುವ ಪ್ರಶ್ನೆ, ಕೇಳುವವರು ಯಾವಾಗಲೂ ರಾತ್ರಿ ಹತ್ತರ ಮೇಲೆ ಕೇಳುತ್ತಾರೆ. ಹುಡುಗಿಯರ ಟೀಮಿನ ಜೊತೆ ಮೇಡಂ ಒಬ್ಬರು ಹೋಗುತ್ತಾರೆ, ಉಳಿಯುವ ಜಾಗ ಯೂನಿವರ್ಸಿಟಿಯವರೇ ನೋಡುತ್ತಾರೆ ಅಂತ ಮನೆಯಲ್ಲಿ ಹೇಳಿ. ನೀವು ಹೇಳುವುದಕ್ಕಿಂತ ಪಿ.ಡಿ. ಅಥವಾ ಮ್ಯಾನೇಜರ್ ಮೇಡಂ ಕೈಲಿ ಫೋನ್ ಮಾಡಿಸುವುದು ವಾಸಿ. ನಮ್ಮಪ್ಪ ಕೂಡ ಮೊದಲು ಒಪ್ಪಲಿಲ್ಲ. ಮೇಡಂ ಫೋನ್ ಮಾಡಿ 'ನಿಮ್ಮ ಮಗಳು ಬರದಿದ್ದರೆ ನನಗೆ ಪೋಲ್ ಹತ್ತಿರ ಕೂರಿಸಲು ಯಾರೂ ಇಲ್ಲ ಸಾರ್' ಅಂದರು. ಅಪ್ಪನಿಗೆ ಪೋಲ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಯಾರೋ ತಮ್ಮನ್ನು ಸಾರ್ ಅಂದು ಕೇಳಿಕೊಂಡರು ಅನ್ನುವುದಕ್ಕೇ ಕರಗಿದರು. ಸ್ಟೇಷನ್ನಿಗೂ ಬಂದರು.

ಇದರಿಂದ ಕೆಲಸ ಸಿಗುತ್ತದಾ?

ಸಿಗಬಹುದು, ಖಾತ್ರಿ ಇಲ್ಲ. ರೈಲ್ವೆಯಲ್ಲಿ ಸ್ಪೋರ್ಟ್ಸ್ ಕೋಟಾ ಇದೆ. ಪೊಲೀಸ್ ನೇಮಕಾತಿಯಲ್ಲೂ ಕ್ರೀಡಾಪಟುಗಳಿಗೆ ಜಾಗ ಇದೆ. ಬೇರೆ ಬೇರೆ ಹುದ್ದೆಗಳಿಗೆ ಯಾವ ಮಟ್ಟದ ಸರ್ಟಿಫಿಕೇಟ್ ಬೇಕು ಅಂತ ಅಧಿಸೂಚನೆಯಲ್ಲೇ ಬರೆದಿರುತ್ತಾರೆ, ಓದಿಕೊಳ್ಳಿ. ಬರೀ ಆಡಿ ಬಂದ ಸರ್ಟಿಫಿಕೇಟಿಗೂ ಪದಕ ಗೆದ್ದ ಸರ್ಟಿಫಿಕೇಟಿಗೂ ತುಂಬಾ ವ್ಯತ್ಯಾಸ.

ಒಂದು ಕಾಲದಲ್ಲಿ ಬೆಂಗಳೂರಿನ ಬ್ಯಾಂಕುಗಳು ಯೂನಿವರ್ಸಿಟಿ ಆಟಗಾರರನ್ನು ಕರೆದು ಕೆಲಸ ಕೊಡುತ್ತಿದ್ದವು. ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ಟೀಮು ಅಂದರೆ ಹೆಸರು. ಆಡುವವರು ಮಧ್ಯಾಹ್ನದ ತನಕ ಕೌಂಟರ್, ಆಮೇಲೆ ಪ್ರಾಕ್ಟೀಸ್. ಆ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿಹೋಯಿತು. ಅದಕ್ಕೂ ಮೊದಲು, 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಕೂಡ ಎಸ್‌ಬಿಐ ಒಳಗೆ ಹೋಯಿತು. ನಮ್ಮ ಸೀನಿಯರ್‌ಗಳಿಗೆ ಕಾಣುತ್ತಿದ್ದ ಬಾಗಿಲುಗಳಲ್ಲಿ ಕೆಲವು ಈಗಿನವರಿಗೆ ಕಾಣುತ್ತಿಲ್ಲ. ಕಬಡ್ಡಿಯವರಿಗೆ ಮಾತ್ರ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಬೇರೆಯೇ ಒಂದು ಬಾಗಿಲು ತೆರೆಯಿತು.

ನಮ್ಮ ಟೀಮಿಗೆ ಅಡ್ಡಹೆಸರು, ಮ್ಯಾಸ್ಕಾಟ್, ಘೋಷಣೆ ಏನಾದರೂ ಇದೆಯಾ?

ಹುಲಿ, ಸಿಂಹ ಅಂತ ಹೆಸರಿಟ್ಟುಕೊಳ್ಳುವ ರೂಢಿ ನಮ್ಮಲ್ಲಿ ಇಲ್ಲ. ಯೂನಿವರ್ಸಿಟಿಯ ಲಾಂಛನದಲ್ಲಿ 'ಜ್ಞಾನಂ ವಿಜ್ಞಾನ ಸಹಿತಂ' ಅಂತಿದೆ, ಅದನ್ನು ಗ್ಯಾಲರಿಯಿಂದ ಕೂಗಿದರೆ ಎದುರಾಳಿ ಹೆದರುವುದಿಲ್ಲ. ನಮ್ಮ ಘೋಷಣೆ ಎಂದರೆ ವೃತ್ತ ಕಟ್ಟಿ ಕೈ ಮೇಲೆ ಕೈ ಇಟ್ಟು, ಒಬ್ಬಳು 'ಬೆಂಗ್ಳೂರ್' ಅಂದರೆ ಉಳಿದವರು 'ಯೂನಿವರ್ಸಿಟಿ' ಅನ್ನುವುದು. ಅಂತರ ಕಾಲೇಜು ಪಂದ್ಯಗಳಲ್ಲಿ ಮಾತ್ರ ಸದ್ದು ಇರುತ್ತದೆ. ಕೆಲವು ಕಾಲೇಜಿನವರು ತಮಟೆಯನ್ನೇ ತಂದುಬಿಡುತ್ತಾರೆ. ಖೋ ಖೋದಲ್ಲಿ ಅದು ದೊಡ್ಡ ತಲೆನೋವು, ಹೆಜ್ಜೆ ಸದ್ದೇ ಕೇಳುವುದಿಲ್ಲ.

ಅಕ್ಕಾ, ನಿಮ್ಮ ಆ ಟ್ರ್ಯಾಕ್ ಸೂಟ್ ಇನ್ನೂ ಇದೆಯಾ?

ಇದೆ. ಪ್ಯಾಂಟು ಹೋಯಿತು, ಜಾಕೆಟ್ ಇದೆ. ಜಿಪ್ ಅರ್ಧಕ್ಕೆ ನಿಲ್ಲುತ್ತದೆ, ಬೆನ್ನಿನ ಮೇಲೆ ಮೂರು ಅಕ್ಷರ ಉದುರಿವೆ. ಚಳಿಗಾಲದಲ್ಲಿ ಅದನ್ನು ಅಮ್ಮ ಸೀರೆ ಮೇಲೆ ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ. ಪಾರ್ಕಿನಲ್ಲಿ ಯಾರೋ 'ನೀವು ಯೂನಿವರ್ಸಿಟಿಗೆ ಆಡ್ತಿದ್ರಾ?' ಅಂತ ಕೇಳಿದರಂತೆ. ಅಮ್ಮ ಹೂಂ ಅಂದು ಬಂದಿದ್ದಾರೆ.